ಚೆನ್ನಾಗಿದ್ದೀನಿ ಅಂದದ್ದು

ನವೆಂಬರ್ ೧೨, ಮಂಗಳವಾರ

ಆ ದನಿ ಇನ್ನೂ ಕಿವಿಯಿಂದ ಹೋಗುತ್ತಿಲ್ಲ. ನನ್ನ ಕಾರಿಗೆ ಗುದ್ದಿದ ಲಾರಿಯ ವಿಮೆ ಕಂಪನಿಯವನು ಬೆಳಿಗ್ಗೆ ಫೋನ್ ಮಾಡಿದ್ದ. ಬೆಣ್ಣೆಯಂಥ ಮಾತು. "ಹೇಗಿದ್ದೀರಮ್ಮ?" ಎಂದ. ಸೊಂಟಕ್ಕೆ ಸ್ಕ್ರೂ ಹಾಕಿಸಿಕೊಂಡು ಮಲಗಿರುವ ನಾನು, "ಚೆನ್ನಾಗಿದ್ದೀನಿ, ನೀವು?" ಎಂದೆ. ನಮ್ಮ ಟೆಕ್ಸಾಸಿನಲ್ಲಿ ಸಾವಿನ ಮನೆಯಲ್ಲೂ ಹಾಗೇ ಅನ್ನುತ್ತೇವೆ.

ಸಂಜೆ ವಕೀಲೆ ಗ್ರೆಚೆನ್ ಬಂದಿದ್ದಳು. "ಆ ಡ್ರೈವರ್ ನಿದ್ದೆಗೆಟ್ಟು ಓಡಿಸ್ತಿದ್ದ ಅನ್ಸುತ್ತೆ. ಲಾರಿ ದಾಖಲೆ ಯಾವುದೂ ಅಳಿಸಬಾರ್ದು ಅಂತ ನೋಟಿಸ್ ಕಳಿಸ್ತೀನಿ. ನೀವು ಅವರ ಹತ್ರ ಏನೂ ಮಾತಾಡಿಲ್ಲ ತಾನೇ?"

ಬೆಳಗಿನ ಫೋನಿನ ವಿಷಯ ಹೇಳಿದೆ. ಪೆನ್ನು ಕೆಳಗಿಟ್ಟಳು.

"ಅದನ್ನ ರೆಕಾರ್ಡ್ ಮಾಡ್ಕೊಂಡಿರ್ತಾರೆ. ಕೋರ್ಟಲ್ಲಿ ಕೇಳಿಸಿ, ಚೆನ್ನಾಗಿದ್ದೀನಿ ಅಂತ ಆಯಮ್ಮನೇ ಹೇಳಿದ್ದಾಳಲ್ಲ ಅಂತಾರೆ."

ಅಲ್ಲಿಂದ ಎಲ್ಲರ ಮೇಲೂ ಅನುಮಾನ. ಮಧ್ಯಾಹ್ನ ಕುಂಬಳಕಾಯಿ ಪೈ ತಂದ ಪಕ್ಕದ ಮನೆಯ ಓಪಲ್ ಯಾಕೆ ನನ್ನ ಊರುಗೋಲನ್ನೇ ನೋಡುತ್ತಿದ್ದಳು? ಅವಳ ಅಳಿಯನೂ ಲಾರಿ ಡ್ರೈವರೇ.

ಈಗಷ್ಟೇ ನನ್ನ ಗಂಡ ರಾಯ್ ಬಂದು ಹಣೆ ಮುಟ್ಟಿದ. "ಹೇಗಿದ್ದೀಯೇ?" ಎಂದ.

ಇನ್ನೊಂದು ಕೈಯಲ್ಲಿ ಅವನ ಫೋನಿತ್ತು. "ಮೊದಲು ಅದನ್ನ ಆಚೆ ಇಟ್ಟು ಬಂದು ಕೇಳು" ಎಂದೆ.