ಆಮೆಗೆ ಬಾಗಿಲು

೧೨ ನವೆಂಬರ್ ೨೦೨೪, ಮಂಗಳವಾರ

ಆ ವಿದೇಶಿ ಅಧಿಕಾರಿಯ ನಗು ಇನ್ನೂ ಕಣ್ಣೆದುರಿನಿಂದ ಸರಿಯುತ್ತಿಲ್ಲ.

ಹೆಜಮಾಡಿಯ ಮೀನುಗಾರರ ಸಭೆಗೆ ನಾನು ದುಭಾಷಿ. ಸಿಗಡಿ ಬಲೆ ಕತ್ತರಿಸಿ, ಅದರಲ್ಲಿ ಸಿಕ್ಕಿದ ಆಮೆ ಹೊರಗೆ ಹೋಗಲು ಬಾಗಿಲು ಇಡಬೇಕಂತೆ. ಇಲ್ಲದಿದ್ದರೆ ಅವರ ದೇಶ ನಮ್ಮ ಸಿಗಡಿ ಕೊಳ್ಳುವುದಿಲ್ಲ. ಬೋಟಿನ ಗುಣಪಾಲ ಎದ್ದು ತುಳುವಿನಲ್ಲಿ ಶುರುಮಾಡಿದ. "ಆ ಬಾಗಿಲಲ್ಲಿ ಸಿಗಡಿಯೂ ಹೋಗುತ್ತದೆ. ತಮ್ಮ ಸಮುದ್ರವನ್ನು ಗುಡಿಸಿ ತಿಂದವರು ನಮಗೆ ಬುದ್ಧಿ ಹೇಳುವುದಾ? ಆಮೆಗೆ ಬಾಗಿಲು ಉಂಟು. ನನ್ನ ಮಗಳಿಗೆ ಮೂರು ಸಲ ವೀಸಾ ಇಲ್ಲ ಅಂದರಲ್ಲ, ಅವಳೂ ಆಮೆಯಾಗಿ ಹುಟ್ಟಬೇಕಿತ್ತು!" ಸಭೆ ನಕ್ಕಿತು.

ಇವರಿಗೆ ತುಂಬ ಆಸಕ್ತಿ ಉಂಟು, ಸಣ್ಣ ಸಂಶಯಗಳಿವೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಇಪ್ಪತ್ತೈದು ವರ್ಷ ಮಣಿಪಾಲದಲ್ಲಿ ಪಾಠ ಮಾಡಿ ಪಳಗಿದ ನಾಲಗೆ. ಅಧಿಕಾರಿ ನಗುತ್ತ ಗುಣಪಾಲನ ಕೈ ಕುಲುಕಿದ.

ಹೊರಗೆ ಬಂದಾಗ ಗುಣಪಾಲ ಕೇಳಿದ: "ನಾನು ಬೈದದ್ದಕ್ಕೆ ಅವನು ಕೈ ಕೊಟ್ಟನಲ್ಲ, ನೀವು ಎಂತ ಹೇಳಿದಿರಿ ಮಾರಾಯ್ರೆ?"

ನೀನು ಹೇಳಿದ್ದನ್ನೇ, ಎಂದೆ.

ಆ ವಿದೇಶಿಯರ ಮೇಲೆ ನನಗಿರುವ ಹಗೆ ಗುಣಪಾಲನದಕ್ಕಿಂತ ಹಳೆಯದು. ಆದರೂ ಅವರ ಮುಖ ಬಾಡದಂತೆ ಕಾದವನು ನಾನೇ. ಈಗ ಅಧಿಕಾರಿಯ ಸಂದೇಶ ಬಂದಿದೆ. ನಾಳೆ ಪ್ರಾತ್ಯಕ್ಷಿಕೆಯಲ್ಲಿ ಮೊಟ್ಟಮೊದಲು ಕತ್ತರಿಸುವುದು ಆ ಆಸಕ್ತ ಮೀನುಗಾರನ ಬಲೆಯನ್ನಂತೆ. ಅವನಿಗೆ ತಿಳಿಸುವ ಕೆಲಸ ನನ್ನದು, ತುಳುವಿನಲ್ಲಿ.