ವೀಳ್ಯ ಕೊಟ್ಟವನು ನಾನು

ಕೊಳ್ಳೇಗಾಲ, ಮಂಗಳವಾರ

ಮಗಳು ಪ್ರೇಮಾಳಿಗೆ,

ಅದೇ, ನಿನ್ನೆ ಫೋನಿನಲ್ಲಿ ಹೇಳಲು ಹೊರಟಿದ್ದೆ, ಆ ರೇಷ್ಮೆ ವ್ಯಾಪಾರಿಗೆ ವೀಳ್ಯ ಕೊಟ್ಟವನು ನಾನು. ವೀಳ್ಯ ತೆಗೆದುಕೊಂಡರೆ ವ್ಯಾಪಾರ ಕುದುರಿದಂತೆ ಎಂದು ಕಲಿಸಿದವನೂ ನಾನೇ. ಅದನ್ನು ನಂಬಿ ನೀನು, ಕಂಪನಿಯ ಡೈರೆಕ್ಟರು, ಸಹಿಯಾಗುವ ಮೊದಲೇ 'ದೊಡ್ಡ ಆರ್ಡರ್ ಸಿಕ್ಕಿತು' ಎಂದು ಫೇಸ್‌ಬುಕ್ಕಿನಲ್ಲಿ ಹಾಕಿದೆ. ಆಮೇಲೆ ವ್ಯಾಪಾರಿ ಹಿಂದೆ ಸರಿದ, ನಿನ್ನ ಮಾತು ನಂಬಿ ಷೇರು ಕೊಂಡ ಜನ ಕೈ ಸುಟ್ಟುಕೊಂಡರು. ಸೆಬಿಯವರು ದಂಡ ಹಾಕಿದ್ದು ಸರಿಯೇ. ಬಟ್ ಯು ಆರ್ ನಾಟ್ ಚೀಟ್, ಓನ್ಲಿ ಹರ್ರಿ, ಅವಸರ ಅಷ್ಟೇ.

ಶುಕ್ರವಾರ ನಿಮ್ಮವ್ವನಿಗೆ ಎಡೆ ಇಡಬೇಕು. ಊರಿಗೆ ಮುಖ ತೋರಿಸಲಾರೆ ಎಂದೆಯಲ್ಲ, ನಿಮ್ಮತ್ತೆ ಚಿಕ್ಕನಿಂಗಮ್ಮ, "ಬೈಸ್ಕಳಕ್ಕಾದ್ರೂ ಬಾ ಅಂತ ಬರಿ ಕಣಣ್ಣ" ಅನ್ನುತ್ತಾಳೆ. ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಸುತ್ತುದಾರಿ ಬೇಡ, ದೊಡ್ಡ ಬೀದಿಯಲ್ಲೇ ಜೊತೆಯಾಗಿ ನಡೆದು ಬರೋಣ.

ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ.

ನಿನ್ನಪ್ಪ,
ನಂಜಯ್ಯ