ಮೃದು ಹವಳದ ಎರಡನೆಯ ಕುಟುಕು

ಪ್ರೀತಿಯ ಮಾವ,

ಮೊದಲೇ ಹೇಳಿಬಿಡುತ್ತೇನೆ, ಇದು ಜಗಳದ ಕಾಗದ. ತೀರಿಹೋದವರ ಹತ್ತಿರ ಜಗಳ ಮಾಡಬಾರದು ಎಂದು ನಿಮ್ಮ ತಂಗಿ, ಅಂದರೆ ನನ್ನ ಅಮ್ಮ, ಬುದ್ಧಿ ಹೇಳಿದ್ದಾಳೆ. ಆದರೆ ವಾದದ ನಡುವೆ ಎದ್ದು ಹೋದವರು ನೀವಲ್ಲವೇ?

ಮಂಗಳೂರಿನ ಮೀನುಗಾರಿಕಾ ಧಕ್ಕೆಯಿಂದ ಆ ಮೃದು ಹವಳವನ್ನು ನೀವು ತಂದ ದಿನ ನೆನಪಾಗುತ್ತದೆ. ಬಲೆಗೆ ಸಿಕ್ಕಿದ್ದನ್ನು ಮೀನುಗಾರರು ಎಸೆಯುವ ಮೊದಲೇ ಕೇಳಿ ಪಡೆದು, ಉಪ್ಪುನೀರಿನ ಕ್ಯಾನಿನಲ್ಲಿ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪುತ್ತೂರಿಗೆ ಬಂದಿರಿ. ಪಕ್ಕದ ಸೀಟಿನವರು ಬೂತಾಯಿ ಮೀನಿಗೆ ಕ್ರಯ ಎಷ್ಟು ಎಂದು ಕೇಳಿದರಂತೆ. ನಾನು ಪಾಠ ಮಾಡುವ ಕಾಲೇಜಿನ ಪ್ರಯೋಗಾಲಯಕ್ಕೆ ಬಂದವರೇ ಅಂಗಿಯ ತೋಳು ಮಡಚಿ ಅದನ್ನು ಕೈಗೆ ತಿಕ್ಕಿಕೊಂಡಿರಿ. ಸ್ವಲ್ಪ ಹೊತ್ತು ಕಾದು, "ಎಂತ ಇಲ್ಲ ಮಾರಾಯ್ತಿ. ನಮ್ಮ ತುರಿಕೆ ಸೊಪ್ಪಿನ ಮುಂದೆ ಇದು ಪಾಪ" ಎಂದಿರಿ. ನಿಮ್ಮ ಮುಖದಲ್ಲಿ ನಿರಾಸೆ ಕಾಣುತ್ತಿತ್ತು.

ಆಮೇಲೆ ಶುರುವಾಯಿತಲ್ಲ ನಮ್ಮ ಮಹಾಯುದ್ಧ. ಹವಳದ ಪುಟ್ಟ ತೋಳುಗಳಲ್ಲಿ ಕುಟುಕು ಕೋಶಗಳಿರುತ್ತವೆ, ಒಂದೊಂದರ ಒಳಗೂ ದಾರ ಸುತ್ತಿಟ್ಟ ಚಿಕ್ಕ ಕುಪ್ಪಿ, ಏನಾದರೂ ತಾಗಿದರೆ ದಾರ ಚಿಮ್ಮಿ ಚುಚ್ಚುತ್ತದೆ, ಮೃದು ಹವಳಗಳಲ್ಲಿ ಇರುವುದು ಒಂದೇ ಬಗೆಯ ಕುಪ್ಪಿ. ಇದು ನೀವು ನಿವೃತ್ತಿಯವರೆಗೂ ಮಾಡಿದ ಪಾಠ. ನನಗೆ ಸೂಕ್ಷ್ಮದರ್ಶಕದಲ್ಲಿ ಎರಡು ಬಗೆ ಕಂಡವು. ಒಂದು ಕುಚ್ಚಲಕ್ಕಿಯ ಹಾಗೆ ಗಿಡ್ಡ, ಅದರ ದಾರ ನುಣುಪು. ಇನ್ನೊಂದು ಉದ್ದ, ತುಸು ಬಾಗಿದ್ದು, ಅದರ ದಾರದ ಬುಡದಲ್ಲಿ ಸಣ್ಣ ಮುಳ್ಳುಗಳು. ನೀವು ಒಪ್ಪಿದಿರಾ? ಮೊದಲು ಕೊಳೆ ಎಂದಿರಿ. ಮತ್ತೆ ಅದೇ ಕೋಶ ಅಡ್ಡ ಮಲಗಿದೆ ಎಂದಿರಿ. ಫೋಟೋ ತೋರಿಸಿದರೆ, "ಫೋಟೋದಲ್ಲಿ ನಾನೂ ಚಂದ ಕಾಣ್ತೇನೆ" ಎಂದಿರಿ.

ಕಣ್ಣಿನ ಪೊರೆ ತೆಗೆಸಿಕೊಂಡು ಕಾಣಿಯೂರಿನ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದಾಗ ನೀವು ಕೊನೆಯ ಷರತ್ತು ಹಾಕಿದಿರಿ. "ಕಣ್ಣು ಸರಿಯಾಗ್ಲಿ. ನಾನೇ ನೋಡಿ ಒಪ್ಪಿದ ಮೇಲೆ ನಿನ್ನ ಹವಳದ ಲೇಖನಕ್ಕೆ ನನ್ನ ಹೆಸರು ಹಾಕು. ಇಲ್ಲದಿದ್ರೆ ಬೇಡ." ಹವಳ ನೀವು ತಂದದ್ದು, ಸ್ಲೈಡಿಗೆ ಬಣ್ಣ ಹಚ್ಚುವುದನ್ನು ನನಗೆ ಕಲಿಸಿದ್ದು ನೀವು. ನಿಮ್ಮ ಹೆಸರಿಲ್ಲದೆ ಕಳಿಸಲು ನನಗೆ ಮನಸ್ಸು ಹೇಗೆ ಬರಬೇಕು? ಒಳ್ಳೆಯ ಸ್ಲೈಡು ಸಿದ್ಧವಾಗುವ ಹೊತ್ತಿಗೆ ನೀವು, ಅದೂ ಎದೆನೋವು ಅಂತ ಒಂದು ಮಾತೂ ಹೇಳದೆ...

ಈ ವರ್ಷ ಆಟಿ ತಿಂಗಳಲ್ಲಿ ನಿಮಗೆ ಬಡಿಸುವ ದಿನ ನಾನು ಬಂದದ್ದು ಸೂಕ್ಷ್ಮದರ್ಶಕ ಹಿಡಿದುಕೊಂಡು. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಬೇಕು ತಾನೇ? ಕೋಳಿ ಸುಕ್ಕ, ರೊಟ್ಟಿ, ಒಣಮೀನು ಚಟ್ನಿಯ ಪಕ್ಕದಲ್ಲಿ ನಿಮ್ಮ ಹಳೆಯ ಹಿತ್ತಾಳೆಯ ಸೂಕ್ಷ್ಮದರ್ಶಕವನ್ನೇ ಇಟ್ಟು, ಅದರ ಕನ್ನಡಿಯನ್ನು ದೀಪದ ಕಡೆಗೆ ತಿರುಗಿಸಿ, ಎರಡನೆಯ ಬಗೆಯ ಕೋಶವನ್ನು ಸರಿಯಾಗಿ ನಡುವಿಗೆ ತಂದೆ.

ಅತ್ತೆಯ ತಮ್ಮ ಬಾಬಣ್ಣ ಬಾಗಿಲಲ್ಲೇ ನಿಂತು, "ಭಾವ ಅದನ್ನೇ ನೋಡ್ತಾ ಕೂತ್ರೆ ಕೋಳಿ ತಣ್ಣಗಾಗುದಿಲ್ವ?" ಎಂದು ಕೇಳಿದರು.

"ಬದುಕಿದ್ದಾಗ ಬಿಸಿಬಿಸಿ ಉಂಡದ್ದು ಯಾವತ್ತು?" ಎಂದರು ಅತ್ತೆ. ಮತ್ತೆ ಕೈಮುಗಿದು ನಿಮ್ಮನ್ನು ಕರೆದರು: "ಬಂದು ಉಂಡು ಹೋಗಿ. ಇವಳು ಎಂತದ್ದೋ ತೋರಿಸ್ಬೇಕಂತೆ, ಅದನ್ನೂ ನೋಡಿ. ಕೋಪ ಮಾಡ್ಬೇಡಿ."

ನೀವು ಬಂದು ಉಣ್ಣಲೆಂದು ಬಾಗಿಲು ಎಳೆದು ಎಲ್ಲರೂ ಜಗಲಿಯಲ್ಲಿ ಕೂತೆವು. ನಾನು ವಿಜ್ಞಾನ ಕಲಿಸುವವಳು, ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದಂತೆ ಬಾಗಿಲನ್ನೇ ನೋಡುತ್ತಾ ಕೂತಿದ್ದೆ, ಯಾಕೆ ಮಾವ?

ಬಾಗಿಲು ತೆರೆದಾಗ ಎಲೆಯಲ್ಲಿ ಎಲ್ಲವೂ ಇಟ್ಟಂತೆಯೇ ಇತ್ತು. ಸೂಕ್ಷ್ಮದರ್ಶಕದ ಕೊಳವೆ ಮಾತ್ರ ಕೆಳಗೆ ಜಾರಿ ಸ್ಲೈಡು ಎರಡು ತುಂಡಾಗಿತ್ತು. ಅದರ ತಿರುಪು ಸಡಿಲ, ಭಾರಕ್ಕೆ ತಾನಾಗಿಯೇ ಇಳಿಯುತ್ತದೆ ಎಂದು ನಾನು ವಿವರಿಸತೊಡಗಿದೆ. ಅತ್ತೆ ಕೇಳಲಿಲ್ಲ. ತುಂಡುಗಳನ್ನು ನೋಡಿ, "ಒಪ್ಪಿಗೆ ಆಗ್ಲಿಲ್ಲ. ಇದು ಅವರೇ" ಎಂದರು. ಅವರ ಮುಖದಲ್ಲಿ ಎಷ್ಟೋ ಸಮಯದ ನಂತರ ನಗು ಕಂಡೆ. ಬೇರೆ ಸ್ಲೈಡುಗಳು ನನ್ನ ಹತ್ತಿರ ಇದ್ದವು, ಒಪ್ಪಿಗೆಯೊಂದೇ ಇರಲಿಲ್ಲ. "ಹೆಸರು ಹಾಕುದಾ ಬೇಡ್ವಾ ಅತ್ತೆ?" ಎಂದು ಕೇಳಿದೆ. "ಹಾಕು. ಒಪ್ಪಲಿಲ್ಲ ಅಂತಲೂ ಹಾಕು. ಸುಳ್ಳು ಬರೀಬೇಡ" ಎಂದರು.

ಹಾಗೆಯೇ ಬರೆದು ಕಳಿಸಿದೆ. ಇಂಥ ಪದ್ಧತಿ ಇಲ್ಲ ಎಂದು ಸಂಪಾದಕರು ತಕರಾರು ತೆಗೆದರು. ಹಟ ಮಾಡುವುದನ್ನು ಕಲಿಸಿದ್ದೂ ನೀವೇ, ನಾನು ಬಿಡಲಿಲ್ಲ. ಲೇಖನ ಮೊನ್ನೆ ಪ್ರಕಟವಾಗಿದೆ ಮಾವ. ಮೃದು ಹವಳಕ್ಕೆ ಎರಡು ಬಗೆಯ ಕುಟುಕು ಉಂಟು ಎಂದು ಪರೀಕ್ಷಿಸಿದವರೆಲ್ಲ ಒಪ್ಪಿದ್ದಾರೆ. ನನ್ನ ಹೆಸರಿನ ಪಕ್ಕದಲ್ಲಿ ನಿಮ್ಮ ಹೆಸರಿದೆ. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿದೆ: 'ದಿವಂಗತರಾದ ಎರಡನೆಯ ಲೇಖಕರು ಈ ತೀರ್ಮಾನವನ್ನು ಕೊನೆಯವರೆಗೂ ಒಪ್ಪಿರಲಿಲ್ಲ.'

ಇಂಗ್ಲಿಷಿನಲ್ಲಿದ್ದ ಅದನ್ನು ನಾನು ಕನ್ನಡದಲ್ಲಿ ಹೇಳಿ ಅರ್ಥ ಮಾಡಿಸಿದಾಗ ಅತ್ತೆ ಆ ಸಾಲಿನ ಮೇಲೆ ಬೆರಳಿಟ್ಟರು.

"ಪೇಪರಿನವರು ಹಾಕಿದ ಶ್ರದ್ಧಾಂಜಲಿಯಲ್ಲಿ ಶಾಂತ ಸ್ವಭಾವದವರು ಅಂತ ಇತ್ತು. ಅದು ಯಾರದ್ದು ಅಂತಲೇ ನನಗೆ ಗೊತ್ತಾಗಿರ್ಲಿಲ್ಲ" ಎಂದರು. "ಇದು ಅವರದ್ದು."